ತಗಡಿನ ಕಟ್ಟಡದಲ್ಲಿ ಬಾಗಿಲು-ಕಿಟಕಿಗಳ ಸ್ಥಾನ: ಸೊಕ್ಕೆ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಕಟ್ಟಡವೊಂದರ ಗುಣದೋಷಗಳನ್ನು ವಿವೇಚಿಸುವವರು ಸಾಮಾನ್ಯವಾಗಿ ಅದರ ಗೋಡೆಯನ್ನೂ ಮಾಡನ್ನೂ ನೋಡುತ್ತಾರೆ; ಅವುಗಳಲ್ಲಿ ಬಿಟ್ಟಿರುವ ತೆರಪುಗಳನ್ನು ನೋಡುವವರು ವಿರಳ. ಆದರೆ ಮನುಷ್ಯನು ವಾಸಿಸುವುದೂ ದುಡಿಯುವುದೂ ಗೋಡೆಯೊಳಗಲ್ಲ, ಗೋಡೆಗಳ ನಡುವಣ ಬಯಲಿನಲ್ಲಿ. ಆ ಬಯಲಿಗೆ ಬೆಳಕನ್ನೂ ಗಾಳಿಯನ್ನೂ ತರುವವು ಬಾಗಿಲು ಕಿಟಕಿಗಳೇ. ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂಥ ಮಳೆ ಕಡಮೆಯಾದ ಬಯಲುಸೀಮೆಯಲ್ಲಿ ಉಕ್ಕಿನ ಕಂಬ, ತಗಡಿನ ಹೊದಿಕೆಗಳಿಂದ ಕೂಡಿದ ಉಗ್ರಾಣ, ಕಾರ್ಯಾಗಾರ, ವಾಸದ ಮನೆಗಳು ಇಂದು ಅಪರೂಪವಲ್ಲ. ಇವುಗಳ ಮೇಲಣ ದೂರುಗಳು ಎಲ್ಲರಿಗೂ ಪರಿಚಿತವಾದವು: ಒಳಗೆ ಕುದಿಯುವ ಸೆಕೆ, ಮಳೆಯ ಎರಚಲು, ಬಿರುಗಾಳಿಗೆ ಹಾರುವ ಮಾಡು. ಈ ದೋಷಗಳನ್ನು ತಗಡಿನ ಮೇಲೆ ಹೊರಿಸುವುದು ವಾಡಿಕೆ. ದೋಷದ ದೊಡ್ಡ ಪಾಲು ಸಾಮಗ್ರಿಯದಲ್ಲ, ಕ್ರಮದ್ದು; ತೆರಪನ್ನು ಮೊದಲು ಯೋಚಿಸದೆ ಕೊನೆಯಲ್ಲಿ ಕತ್ತರಿಸುವ ಕ್ರಮದ್ದು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯ ಹಳೆಯ ಮಾಳಿಗೆಮನೆಯನ್ನು ಮೊದಲು ಪರಿಶೀಲಿಸೋಣ. ದಪ್ಪನೆಯ ಕಲ್ಲುಮಣ್ಣಿನ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣಿನ ಹಾಸು. ಮನೆಯ ವಿಸ್ತಾರವನ್ನು ಅಂಕಣಗಳಿಂದ ಎಣಿಸುವುದು ರೂಢಿ. ಇಲ್ಲಿ ಬಾಗಿಲೆಂಬುದು ಗೋಡೆ ಮುಗಿದ ಬಳಿಕ ತೋಚುವ ಸಂಗತಿಯಲ್ಲ. ಒಳ್ಳೆಯ ದಿನ ನೋಡಿ, ಹೊಸ್ತಿಲನ್ನು ಪೂಜಿಸಿ, ಬಾಗಿಲುವಾಡವನ್ನು ನಿಲ್ಲಿಸಿದ ಮೇಲೆಯೇ ಗೋಡೆ ಅದರ ಎರಡು ಪಕ್ಕಗಳಲ್ಲಿ ಏಳುವುದು. ಈ ಶಾಸ್ತ್ರದ ಧಾರ್ಮಿಕಾರ್ಥವೇನೇ ಇರಲಿ, ಅದರಲ್ಲಿ ಅಡಗಿರುವ ನಿರ್ಮಾಣತತ್ತ್ವ ಸ್ಪಷ್ಟವಾಗಿದೆ: ತೆರಪು ಮೊದಲು, ಗೋಡೆ ಅನಂತರ. ಮಾಳಿಗೆಯ ನೆತ್ತಿಯ ಗವಾಕ್ಷಿಯೂ ಹೀಗೆಯೇ. ಜಂತೆಗಳ ನಡುವೆ ಮೊದಲೇ ಜಾಗ ಬಿಟ್ಟು ಮಾಡಿದ ಆ ಬೆಳಕಿಂಡಿ ಒಲೆಯ ಹೊಗೆಯನ್ನೂ ಬಿಸಿಗಾಳಿಯನ್ನೂ ಮೇಲಕ್ಕೆ ಕಳುಹಿಸುತ್ತದೆ. ಮಳೆ ಬಂದಾಗ ಅದನ್ನು ಮುಚ್ಚಿದರಾಯಿತು. ಈ ಮನೆಗಳನ್ನು ಅತಿಯಾಗಿ ಕೊಂಡಾಡುವುದು ನಮ್ಮ ಅಭಿಪ್ರಾಯವಲ್ಲ. ಕಿಟಕಿಗಳು ವಿರಳವಾದುದರಿಂದ ಅವುಗಳ ನಡುಮನೆ ಹಗಲಿನಲ್ಲಿಯೂ ಕತ್ತಲೆ. ಆದರೂ ಇದ್ದ ಕೆಲವೇ ತೆರಪುಗಳು ಸ್ಥಾನವರಿತು ಇದ್ದವು.

ಈಗ ತಗಡಿನ ಕಟ್ಟಡಕ್ಕೆ ಬರೋಣ. ಮಣ್ಣಿನ ಗೋಡೆ ತಾನೇ ಭಾರವನ್ನು ಹೊರುತ್ತದೆ. ತಗಡಿನ ಗೋಡೆ ಬಹುಮಟ್ಟಿಗೆ ಚರ್ಮ ಮಾತ್ರ. ಭಾರವನ್ನು ಹೊರುವುದು ಉಕ್ಕಿನ ಚೌಕಟ್ಟು. ಇದರಿಂದ ಒಂದು ಭ್ರಾಂತಿ ಹುಟ್ಟಿದೆ. ತಗಡನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದಾದ್ದರಿಂದ ಕಿಟಕಿಯನ್ನು ಎಲ್ಲಿ ಬೇಕಾದರೂ ಇಡಬಹುದೆಂಬುದೇ ಆ ಭ್ರಾಂತಿ. ಚರ್ಮದ ಹಿಂದೆ ಎಲುಬಿದೆ. ಕಂಬದಿಂದ ಕಂಬಕ್ಕೆ ಹಾಯುವ ಅಡ್ಡಪಟ್ಟಿಗಳು ತಗಡಿನ ಮೇಲೆ ಬಿದ್ದ ಗಾಳಿಯ ಒತ್ತಡವನ್ನು ಕಂಬಗಳಿಗೆ ಮುಟ್ಟಿಸುತ್ತವೆ. ಯಾವುದಾದರೊಂದು ಅಂಕಣದಲ್ಲಿ ಓರೆಯಾಗಿ ಒಂದನ್ನೊಂದು ಹಾಯುವ ಸರಳುಗಳು ಇಡೀ ಚೌಕಟ್ಟು ಉದ್ದಕ್ಕೆ ವಾಲದಂತೆ ಹಿಡಿದಿರುತ್ತವೆ. ಅಡ್ಡಪಟ್ಟಿಯನ್ನು ಕತ್ತರಿಸಿ ಕಿಟಕಿ ಕೂರಿಸಿದರೆ ಆ ಪಟ್ಟಿಯ ತುದಿಗಳು ಅನಾಥವಾಗುತ್ತವೆ. ಓರೆಸರಳನ್ನು ಬಿಚ್ಚಿ ಬಾಗಿಲು ಮಾಡಿದರೆ ಕಟ್ಟಡದ ನಿಲುವಿಗೇ ಅಪಾಯ. ಆದುದರಿಂದ ತೆರಪಿನ ಎರಡು ಪಕ್ಕಗಳಿಗೆ ನಿಲುಪಟ್ಟಿ, ಮೇಲುಗಡೆ ಅಡ್ಡತೊಲೆ, ಅದರ ಮೇಲೆ ನೀರನ್ನು ಹೊರಕ್ಕೆ ಹರಿಸುವ ತಗಡಿನ ಮಡಿಕೆ, ಇಷ್ಟೂ ನಕ್ಷೆಯಲ್ಲಿಯೇ ಇರಬೇಕು. ಓರೆಸರಳಿರುವ ಅಂಕಣದಲ್ಲಿಯೇ ಬಾಗಿಲು ಅನಿವಾರ್ಯವಾದರೆ ಸರಳಿಗೆ ಬದಲು ಗಟ್ಟಿಯಾದ ಬಾಗಿಲುಚೌಕಟ್ಟನ್ನು ಲೆಕ್ಕಹಾಕಿ ಕೊಡಬೇಕು. ಇದು ಹಳೆಯ ಬಾಗಿಲುವಾಡದ ಶಾಸ್ತ್ರವೇ. ಮರದ ಬದಲು ಉಕ್ಕು ಬಂದಿದೆ, ಅಷ್ಟೆ.

ಇನ್ನು ಗಾಳಿಯ ವಿಚಾರ. ಗಾಳಿಯ ಭಾರವನ್ನು ಕುರಿತ ಭಾರತೀಯ ಮಾನಕ 875ರ ಮೂರನೆಯ ಭಾಗವು ಕಟ್ಟಡದ ಒಳಗಣ ಒತ್ತಡವನ್ನು ತೆರಪುಗಳ ಪ್ರಮಾಣದಿಂದಲೇ ನಿರ್ಣಯಿಸುತ್ತದೆ. ತೆರಪು ಗೋಡೆಯ ಶೇಕಡ 5ನ್ನು ಮೀರದಿದ್ದರೆ ಗುಣಾಂಕ 0.2, 5ರಿಂದ 20ರವರೆಗೆ 0.5, ಅದಕ್ಕೂ ಮೀರಿದರೆ 0.7. ಬೆಂಗಳೂರಿಗೆ ಆ ಮಾನಕ ಗೊತ್ತುಮಾಡಿರುವ ಮೂಲವೇಗ ಸೆಕೆಂಡಿಗೆ 33 ಮೀಟರು. ಉದಾಹರಣೆಗೆ ಅದನ್ನೇ ಇಟ್ಟುಕೊಂಡು, ಸ್ಥಳ ಮತ್ತು ಎತ್ತರಗಳ ತಿದ್ದುಪಡಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಮಿನ ಒತ್ತಡವುಂಟಾಗುತ್ತದೆ. ಇದರಲ್ಲಿ ಮಾಡನ್ನು ಒಳಗಿನಿಂದ ಎತ್ತುವ ಪಾಲು ತೆರಪು ಅಲ್ಪವಾಗಿದ್ದಾಗ 13 ಕಿಲೋಗ್ರಾಮು, ಮಧ್ಯಮವಾಗಿದ್ದಾಗ 33, ದೊಡ್ಡದಾದಾಗ 46. ಹೊರಗಿನಿಂದ ಮಾಡನ್ನು ಎಳೆಯುವ ಗಾಳಿಯ ಬಲ ಇದಕ್ಕೆ ಹೆಚ್ಚಿಗೆ. ಅರ್ಧ ಮಿಲಿಮೀಟರು ದಪ್ಪದ ತಗಡಾದರೋ ಚದರ ಮೀಟರಿಗೆ ಸುಮಾರು 5 ಕಿಲೋಗ್ರಾಮು ಮಾತ್ರ ತೂಗುತ್ತದೆ. ಮಾಳಿಗೆಯ ಮಣ್ಣು ತನ್ನ ತೂಕದಿಂದಲೇ ಗಾಳಿಯನ್ನು ಎದುರಿಸುತ್ತಿತ್ತು. ತಗಡಿಗೆ ಆ ಶಕ್ತಿಯಿಲ್ಲ. ಅದನ್ನು ಹಿಡಿದಿಡಬೇಕಾದುದು ತಿರುಪುಮೊಳೆಗಳು, ಚೌಕಟ್ಟು ಮತ್ತು ತಳಪಾಯ. ಅವನ್ನು ಲೆಕ್ಕ ಹಾಕುವುದಕ್ಕೆ ಬಾಗಿಲಿನ ಅಳತೆ ಮುಂಚೆಯೇ ತಿಳಿದಿರಬೇಕಷ್ಟೆ?

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. 60 ಅಡಿ ಉದ್ದ, 30 ಅಡಿ ಅಗಲ, 15 ಅಡಿ ಎತ್ತರದ ಉಗ್ರಾಣ. 20 ಅಡಿಗಳ ಮೂರು ಅಂಕಣ. ಕಿರುಗೋಡೆಯ ವಿಸ್ತೀರ್ಣ, ಮೇಲಣ ತ್ರಿಕೋಣವನ್ನು ಬಿಟ್ಟರೆ, 450 ಚದರಡಿ. ಅಲ್ಲಿ 12 ಅಡಿ ಚೌಕದ ಸುರುಳಿಬಾಗಿಲನ್ನು ಇಟ್ಟರೆ 144 ಚದರಡಿಯಾಗುತ್ತದೆ. ಎಂದರೆ ಗೋಡೆಯ ಶೇಕಡ 32. ಬಾಗಿಲು ತೆರೆದಿರುವಾಗ ಬಿರುಗಾಳಿ ಬಂದರೆ ಕಟ್ಟಡ ಮೂರನೆಯ ವರ್ಗಕ್ಕೆ ಸೇರುತ್ತದೆ. ಇನ್ನು ಕಿಟಕಿಗಳು. ಒಣ ಹವೆಯ ಬಿಸಿ ಪ್ರದೇಶದಲ್ಲಿ ವಾಸದ ಕೋಣೆಯ ಕಿಟಕಿಗಳು ನೆಲದ ಹತ್ತನೆಯ ಒಂದು ಪಾಲಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸಲಹೆ. ಅದೇ ಮಾನದಂಡವನ್ನು ಇಲ್ಲಿಗೆ ಅನ್ವಯಿಸಿದರೆ 1800 ಚದರಡಿ ನೆಲಕ್ಕೆ 180 ಚದರಡಿ ಕಿಟಕಿ ಬೇಕು. ಒಂದೊಂದು ಉದ್ದಗೋಡೆಗೆ 90. ಅದು 900 ಚದರಡಿ ಗೋಡೆಯ ಶೇಕಡ 10ರಷ್ಟಾಗಿ ಎರಡನೆಯ ವರ್ಗಕ್ಕೆ ಸಲ್ಲುತ್ತದೆ. ಹೀಗೆ ಒಂದು ನಿಯಮ ತೆರಪನ್ನು ಹೆಚ್ಚಿಸೆನ್ನುತ್ತದೆ. ಇನ್ನೊಂದು ಹೆಚ್ಚಿಸಿದುದಕ್ಕೆ ಬೆಲೆ ಕೇಳುತ್ತದೆ. ಇವೆರಡನ್ನೂ ಹೊಂದಿಸುವ ಸ್ಥಳ ನಕ್ಷೆಯ ಹಾಳೆಯೇ ಹೊರತು, ತಗಡು ಹೊದಿಸಿ ಮುಗಿದ ಗೋಡೆಯಲ್ಲ.

ಹತ್ತನೆಯ ಒಂದು ಪಾಲೆಂಬ ನಿಯಮವೂ ವಿಮರ್ಶೆಗೆ ಹೊರತಲ್ಲ. ಅದು ಪ್ರಮಾಣವನ್ನು ಹೇಳುತ್ತದೆ, ಸ್ಥಾನವನ್ನು ಹೇಳುವುದಿಲ್ಲ. ಸೊಕ್ಕೆ ಸುಮಾರು 14½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಎರಡನೆಯ ವಾರಕ್ಕೂ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ನಡುವಣ ದಿನಗಳಲ್ಲಿ ಕೊಂಚ ಉತ್ತರಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸರಿದಾಗಲೂ ಮಧ್ಯಾಹ್ನ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದುದರಿಂದ 3 ಅಡಿ ಎತ್ತರದ ದಕ್ಷಿಣದ ಕಿಟಕಿಗೆ 2⅓ ಅಡಿಯ ಸಜ್ಜ ವರ್ಷವಿಡೀ ಮಧ್ಯಾಹ್ನದ ನೆರಳನ್ನು ಕೊಡುತ್ತದೆ. ಉತ್ತರದ ಕಿಟಕಿಗೆ ಅದಕ್ಕಿಂತ ಕಿರಿದಾದುದು ಸಾಕು. ಪಶ್ಚಿಮದ ಇಳಿಬಿಸಿಲಿಗೆ ಮಾತ್ರ ಯಾವ ಸಜ್ಜವೂ ಅಡ್ಡಬಾರದು. ಮುಂಗಾರಿನ ಗಾಳಿಯೂ ನೈಋತ್ಯ-ಪಶ್ಚಿಮಗಳಿಂದ ಬೀಸುತ್ತದೆ. ಹೀಗಿರಲು ದೊಡ್ಡ ಸುರುಳಿಬಾಗಿಲನ್ನು ಪಶ್ಚಿಮಕ್ಕೆ ಇಡುವುದೆಂದರೆ ಬಿಸಿಲು, ಎರಚಲು, ಬಿರುಗಾಳಿ ಮೂರನ್ನೂ ಒಂದೇ ಹೊಸ್ತಿಲಿನಲ್ಲಿ ಸ್ವಾಗತಿಸಿದಂತೆ. ರಸ್ತೆ ಆ ಕಡೆಗಿದೆಯೆಂಬುದೊಂದೇ ಅದಕ್ಕೆ ಸಾಕಾದ ಸಮರ್ಥನೆಯಲ್ಲ.

ಎತ್ತರವೂ ಮುಖ್ಯ. ಕಾದ ಗಾಳಿ ಮೇಲೇರಿ ಮಾಡಿನ ಕೆಳಗೆ ನಿಲ್ಲುತ್ತದೆ. ನೆತ್ತಿಯಲ್ಲಿ ಅದಕ್ಕೆ ಹೊರದಾರಿಯೂ, ಗೋಡೆಯ ಕೆಳಭಾಗದಲ್ಲಿ ತಣ್ಣನೆಯ ಗಾಳಿಗೆ ಒಳದಾರಿಯೂ ಇದ್ದರೆ ಬೀಸುಗಾಳಿಯಿಲ್ಲದ ದಿನವೂ ಸಂಚಾರ ನಡೆಯುತ್ತದೆ. ಗವಾಕ್ಷಿಯ ಪಾಠ ಇದೇ. ಲೋಹದ ಕಟ್ಟಡಗಳ ಚರಿತ್ರೆಯ ಆರಂಭದಲ್ಲಿಯೇ ಈ ಪಾಠ ತಿಳಿದಿತ್ತು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ, ಮರ, ಗಾಜುಗಳಿಂದ ರಚಿಸಿದ ಸ್ಫಟಿಕ ಭವನದಲ್ಲಿ ಅಂಕಣಗಳು 24 ಅಡಿಯ ಲೆಕ್ಕದಲ್ಲಿದ್ದವು. ತೆರೆದು ಮುಚ್ಚಬಹುದಾದ ಪಟ್ಟಿಗಳ ಗಾಳಿಗಂಡಿಗಳು ಗೋಡೆಯ ಕೆಳಗೂ ಮೇಲೂ ಇದ್ದವು. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಆ ಮೇಲ್ಪಂಕ್ತಿಯನ್ನು ಅನುಸರಿಸಿದುದೇ. ಲೋಹದ ಕಟ್ಟಡವೆಂದರೆ ಕಿಂಡಿಯಿಲ್ಲದ ಪೆಟ್ಟಿಗೆಯೆಂಬ ಭಾವನೆ ಇತ್ತೀಚಿನದು, ಮೂಲದ್ದಲ್ಲ.

ಒಳಗೆ ಏನಿರುತ್ತದೆಂಬುದನ್ನೂ ಮರೆಯಲಾಗದು. ಜಗಳೂರು ಸೀಮೆಯ ರೈತನು ಮೆಕ್ಕೆಜೋಳವನ್ನೂ ಈರುಳ್ಳಿಯನ್ನೂ ಬೆಳೆಯುತ್ತಾನೆ. ಚೆನ್ನಾಗಿ ಒಣಗಿಸಿದ ಜೋಳಕ್ಕೆ ಬೇಕಾದುದು ತೇವದಿಂದಲೂ ಇಲಿಯಿಂದಲೂ ರಕ್ಷಣೆ. ಅದಕ್ಕೆ ಜಾಲರಿ ಹೊದಿಸಿದ ಕೆಲವೇ ಕಿಂಡಿಗಳು ಸಾಕು. ಈರುಳ್ಳಿಯಾದರೋ ಕೊಯ್ದ ಮೇಲೂ ಉಸಿರಾಡುವ ಗಡ್ಡೆ. ಅದಕ್ಕೆ ಅಡಿಯಿಂದಲೂ ಪಕ್ಕಗಳಿಂದಲೂ ಗಾಳಿಯಾಡಬೇಕು. ಮುಚ್ಚಿದ ತಗಡಿನೊಳಗೆ ಅದು ಬೆಂದು ಕೊಳೆಯುತ್ತದೆ. ಎರಡಕ್ಕೂ ಒಂದೇ ನಕ್ಷೆಯನ್ನು ಕೊಡುವವನು ಬೆಳೆಗಾರನ ಒಂದು ವರ್ಷದ ದುಡಿಮೆಯನ್ನು ಪಣಕ್ಕೆ ಒಡ್ಡುತ್ತಾನೆ. ಮಂದಿ ಕೆಲಸ ಮಾಡುವ ಕಡೆಯಲ್ಲಿ, ಬೆಂಕಿ ಬಿದ್ದರೆ ಓಡಿಹೋಗಲು ದೊಡ್ಡ ಬಾಗಿಲಿಗೆ ದೂರವಾಗಿ, ಹೊರಕ್ಕೆ ತೆರೆಯುವ ಎರಡನೆಯ ಬಾಗಿಲು ಇರಲೇಬೇಕು.

ಇಲ್ಲಿ ಒಂದು ಆಕ್ಷೇಪವುಂಟು. ಬಡ ರೈತನು ಇಂದು ಕಟ್ಟಿದುದನ್ನು ನಾಳೆ ಬೇರೊಂದಕ್ಕೆ ಬಳಸುತ್ತಾನೆ. ಎಲ್ಲ ತೆರಪುಗಳನ್ನೂ ಮೊದಲೇ ನಿಶ್ಚಯಿಸುವುದೆಂತು? ಖರ್ಚನ್ನು ಭರಿಸುವುದೆಂತು? ಆಕ್ಷೇಪ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವೂ ಚೌಕಟ್ಟಿನಲ್ಲಿಯೇ ಇದೆ. ಮುಂದೆ ಬೇಕಾದೀತೆಂದು ತೋರುವ ಎಡೆಗಳಲ್ಲಿ ನಿಲುಪಟ್ಟಿ, ಅಡ್ಡತೊಲೆಗಳನ್ನು ಈಗಲೇ ನಿಲ್ಲಿಸಿ, ಗಾಳಿಯ ಲೆಕ್ಕದಲ್ಲಿ ಅವನ್ನೂ ಸೇರಿಸಿ, ಸದ್ಯಕ್ಕೆ ತಗಡು ಹೊದಿಸಿಡಬಹುದು. ಬೇಕಾದಾಗ ತಗಡನ್ನು ಬಿಚ್ಚಿದರೆ ಬಾಗಿಲು ಸಿದ್ಧ. ಇದಕ್ಕೆ ತಗಲುವ ಹೆಚ್ಚಿನ ಉಕ್ಕು, ಹಾರಿಹೋದ ಮಾಡನ್ನು ಮತ್ತೆ ಹೊದಿಸುವ ವೆಚ್ಚಕ್ಕೆ ಹೋಲಿಸಿದರೆ ಅಲ್ಪವೇ.

ತಗಡನ್ನು ಹಳಿದು ಮಾಳಿಗೆಗೆ ಹಿಂದಿರುಗಿರೆಂದು ನಾವು ಹೇಳುತ್ತಿಲ್ಲ. ಆ ಮರವೂ ಆ ಬಿಡುವೂ ಇಂದು ಸುಲಭವಲ್ಲ. ನಮ್ಮ ಮತ ಇಷ್ಟೇ: ಸಾಮಗ್ರಿ ಬದಲಾದಾಗ ಕ್ರಮವನ್ನೂ ಕೈಬಿಡಬೇಕಾಗಿಲ್ಲ. ಕಾಲೇಜುಗಳಲ್ಲಿ ನಿರ್ಮಾಣಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗಳು ತಮ್ಮೂರಿನ ಒಂದು ಮಾಳಿಗೆಮನೆಯ, ಒಂದು ತಗಡಿನ ಉಗ್ರಾಣದ ತೆರಪುಗಳನ್ನು ಅಳೆದು, ದಿಕ್ಕನ್ನೂ ಎತ್ತರವನ್ನೂ ಗುರುತಿಸಿ ಹೋಲಿಸಿ ನೋಡಲಿ. ಬಾಗಿಲುವಾಡವನ್ನು ನಿಲ್ಲಿಸಿದ ಮೇಲೆ ಗೋಡೆ ಎಬ್ಬಿಸುತ್ತಿದ್ದ ಹಳ್ಳಿಯ ಬಡಗಿ, ಉಪ್ಪಾರರ ವಿವೇಕ ಉಕ್ಕಿನ ಕಾಲಕ್ಕೂ ಸಲ್ಲುವುದೆಂಬುದು ಅವರಿಗೆ ಆಗ ತಾನಾಗಿಯೇ ಮನದಟ್ಟಾಗುವುದು.