ಕೃಪಾಂಕವೂ ಕೃಪೆಯೂ

ಕನ್ನಡ ಬೈಬಲಿನಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರವನ್ನು ಓದುವಾಗ ಚರ್ಚಿನ ಹೊರಗಿನ ನಮ್ಮಂಥವರಿಗೆ ಮೂರು ಶಬ್ದಗಳು ತೊಡಕಾಗುತ್ತವೆ: ಪಾಪ, ಧರ್ಮಶಾಸ್ತ್ರ, ಕೃಪೆ. ಅನುವಾದಕರು ನಮಗೆ ಗೊತ್ತಿರುವ ಪದಗಳನ್ನೇ ಆರಿಸಿದ್ದಾರೆ, ತೊಡಕು ಅಲ್ಲೇ ಇರುವುದು. ಪಾಪವೆಂದರೆ ನಮಗೆ ಪುಣ್ಯದ ಎದುರು ಬರೆದಿಡುವ ಖರ್ಚು. ಪೌಲನಿಗೆ ಅದು ಮನುಷ್ಯನನ್ನು ಆಳುವ ಯಜಮಾನ. ಧರ್ಮಶಾಸ್ತ್ರ ಎಂದೊಡನೆ ನಮಗೆ ಮನು ನೆನಪಾಗುತ್ತಾನೆ. ಅಲ್ಲಿರುವುದು ಮೋಶೆಯ ಕಟ್ಟಳೆ. ಅದು ತಪ್ಪನ್ನು ತೋರಿಸುತ್ತದೆ, ತಿದ್ದಿಕೊಳ್ಳುವ ಬಲ ಕೊಡದು ಎಂಬುದು ಪೌಲನ ವಾದ. ನಮ್ಮ ಕೆಂಪು ಶಾಯಿಯ ಹಾಗೆ!

ಕೃಪೆಯೇ ಕಷ್ಟ. ಯಲಹಂಕದ ನಮ್ಮ ಶಾಲೆಯಲ್ಲಿ ಆ ಶಬ್ದ ಕೇಳಿಬರುವುದು ಫಲಿತಾಂಶದ ದಿನ ಮಾತ್ರ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಆದರೂ ತೀರ ಹಿಂದುಳಿದವರಿಗೆ ಅದು ಎಟುಕಲಿಲ್ಲ. ಪೌಲನ ಕೃಪೆ ಗೆರೆಯ ಹತ್ತಿರ ಬಂದವರಿಗೆ ಮೀಸಲಲ್ಲ. ಶರಣರ ‘ಪ್ರಸಾದ’ ಇದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಶಬ್ದಕ್ಕಿಂತ ಕಥೆ ಲೇಸು. ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯ ನೋಡಿ. (ಅತಿ ಹಳೆಯ ಹಸ್ತಪ್ರತಿಗಳಲ್ಲಿ ಈ ಕಥೆ ಇಲ್ಲವೆಂದು ಪಂಡಿತರು ಹೇಳುತ್ತಾರೆ, ಇರಲಿ.) ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಎಳೆತರುತ್ತಾರೆ. ಮೋಶೆಯ ಶಾಸ್ತ್ರ ಗಂಡಸಿಗೂ ಮರಣದಂಡನೆ ಹೇಳಿದೆ, ಅವನೆಲ್ಲಿ? ನನಗೆ ಈ ಪ್ರಶ್ನೆಯೇ ಮುಖ್ಯ. ಯೇಸು ಶಾಸ್ತ್ರವನ್ನು ತಳ್ಳಿಹಾಕುವುದಿಲ್ಲ. ಪಾಪ ಮಾಡದವನೇ ಮೊದಲು ಕಲ್ಲೆತ್ತಬೇಕೆಂದು ಷರತ್ತು ಹಾಕುತ್ತಾನೆ. ಹಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರೇ ಜಾಗ ಖಾಲಿಮಾಡುತ್ತಾರೆ. ಅವಳಿಗೆ ಶಿಕ್ಷೆಯಿಲ್ಲ, ಇನ್ನು ಪಾಪ ಮಾಡಬೇಡವೆಂಬ ಮಾತುಂಟು. ಅವಳು ಕ್ಷಮೆ ಕೇಳಿದ್ದಾಗಿ ಮಾತ್ರ ಅಲ್ಲಿ ಎಲ್ಲಿಯೂ ಬರೆದಿಲ್ಲ.