ಸಿಕಂದರನ ಔತಣ ಮತ್ತು ಹ್ಯಾಂಡೆಲ್‌ನ ಆರ್ಗನ್

ಜರ್ಮನಿಯಲ್ಲಿ ಹುಟ್ಟಿದ ಸಂಗೀತ ರಚನೆಕಾರ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ 1727ರಲ್ಲಿ ಇಂಗ್ಲೆಂಡಿನ ಪ್ರಜೆಯಾದ. 1738ರಲ್ಲಿ ಅವನ ‘ಅಲೆಕ್ಸಾಂಡರ್ಸ್ ಫೀಸ್ಟ್’ ಅಚ್ಚಾದಾಗ, ಚಂದಾದಾರರಿಗಾಗಿ ಅವನದೊಂದು ಭಾವಚಿತ್ರವೂ ತಯಾರಾಯಿತು. ತಾಮ್ರದ ತಗಡಿನಲ್ಲಿ ಅದನ್ನು ಕೊರೆದವನು ಡಚ್ ಕಲಾವಿದ ಹೌಬ್ರಾಕನ್. ಭಾವಚಿತ್ರದ ಕೆಳಗೆ ಫ್ರೆಂಚ್ ಕಲಾವಿದ ಗ್ರಾವೆಲೋ ರಚಿಸಿದ ಪುಟ್ಟ ದೃಶ್ಯವೊಂದಿದೆ: ಔತಣದಲ್ಲಿ ಅಲೆಕ್ಸಾಂಡರ್ ಮತ್ತು ಅವನ ಪ್ರೇಯಸಿ ಥಾಯಿಸ್, ಅವರೆದುರು ಲೈರ್ ಎಂಬ ತಂತಿವಾದ್ಯ ಹಿಡಿದ ಗಾಯಕ ಟಿಮೋಥಿಯಸ್. ಹ್ಯಾಂಡೆಲ್ ನಮ್ಮ ಕಾಲದ ಟಿಮೋಥಿಯಸ್ ಎಂಬುದು ಚಿತ್ರದ ಹೊಗಳಿಕೆ.

ಆದರೆ ಈ ಟಿಮೋಥಿಯಸ್ ಮಾಡಿದ್ದೇನು? ಡ್ರೈಡನ್ 1697ರಲ್ಲಿ ಬರೆದ ಮೂಲ ಕವಿತೆಯಲ್ಲಿ ಅವನ ಹಾಡಿಗೆ ದೊರೆ ಉಬ್ಬುತ್ತಾನೆ, ಅಳುತ್ತಾನೆ, ಪ್ರೇಮದಲ್ಲಿ ಕರಗುತ್ತಾನೆ. ಕೊನೆಗೆ ಸೇಡಿನ ಹಾಡು ಕೇಳಿ ಪಂಜು ಹಿಡಿದು ಊರು ಸುಡಲು ಹೊರಡುತ್ತಾನೆ. ಆ ಊರು ಪರ್ಸೆಪೊಲಿಸ್, ಇರಾನಿನವರು ತಖ್ತ್-ಎ-ಜಮ್ಶೀದ್ ಎನ್ನುವ ತಾಣ. ಸಿಕಂದರನ ಕತೆಗಳನ್ನು ಉರ್ದುವಿನಲ್ಲಿ ಓದಿ ಬೆಳೆದ ನಮಗೆ ಈ ಔತಣದ ಚಿತ್ರದಲ್ಲಿ ಹೊಗೆಯ ವಾಸನೆ ಬಡಿಯದೆ ಇರದು. ದೊರೆಯನ್ನು ಕುಣಿಸಬಲ್ಲವನೇ ದೊಡ್ಡ ಕಲಾವಿದ ಎನ್ನುವ ಚಾಳಿ ನಮ್ಮ ಕಸೀದಾಗಳಿಗೂ ಹೊಸದಲ್ಲ.

ಗ್ರಾವೆಲೋಗೆ ಬೇರೆ ದಾರಿ ಇರಲಿಲ್ಲವೆನ್ನಲಾಗದು. ಅದೇ ಕವಿತೆಯ ಕೊನೆಯಲ್ಲಿ ಸಂತ ಸಿಸಿಲಿಯಾ ಬರುತ್ತಾಳೆ. ಆರ್ಗನ್ ವಾದ್ಯವನ್ನು ಕಂಡುಹಿಡಿದವಳೆಂದು ಕವಿ ಅವಳನ್ನು ಹಾಡುತ್ತಾನೆ. ಹ್ಯಾಂಡೆಲ್ ಹೆಸರಾಂತ ಆರ್ಗನ್ ವಾದಕ. 1736ರಲ್ಲಿ ಈ ಕೃತಿ ಮೊದಲು ಪ್ರದರ್ಶನಗೊಂಡಾಗ ಅದರ ಜೊತೆಗೆ ಆರ್ಗನ್ ಕಾನ್ಸರ್ಟೊ ಕೂಡ ಇತ್ತು. ಆದರೂ ಗೌರವದ ಚಿತ್ರಕ್ಕೆ ಬೇಕಾದದ್ದು ಗ್ರೀಕರ ಲೈರ್, ರಾಜನ ಪಂಕ್ತಿ. 1738ರಲ್ಲೇ ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ನಿಂತ ರೂಬಿಲಿಯಾಕ್‌ನ ಅಮೃತಶಿಲೆಯ ಪ್ರತಿಮೆಯೂ ಹ್ಯಾಂಡೆಲ್‌ನ ಕೈಗೆ ಲೈರನ್ನೇ ಕೊಟ್ಟಿತು. ಆದರೆ ಆ ಶಿಲ್ಪಿ ಅವನಿಗೆ ಮನೆಯ ಟೋಪಿ, ಚಪ್ಪಲಿ ತೊಡಿಸಿ ಸ್ವಲ್ಪ ಮನುಷ್ಯನನ್ನಾಗಿ ಉಳಿಸಿದ. ಅಷ್ಟು ದಯೆ ಹೌಬ್ರಾಕನ್‌ನ ತಗಡಿನಲ್ಲಿಲ್ಲ.

ಆರ್ಗನ್ ಬಂದದ್ದು ಅಣಕದಲ್ಲಿ. ಹಿಂದೆ ಹ್ಯಾಂಡೆಲ್‌ನ ಗೆಳೆಯನಾಗಿದ್ದ ಜೋಸೆಫ್ ಗೂಪಿ 1754ರಲ್ಲಿ ಹೊರತಂದ ‘ದಿ ಚಾರ್ಮಿಂಗ್ ಬ್ರೂಟ್’ ಎಂಬ ಮುದ್ರಣಚಿತ್ರದಲ್ಲಿ ಹ್ಯಾಂಡೆಲ್‌ಗೆ ಹಂದಿಯ ಮೋರೆ. ಕೂತಿರುವುದು ಪೀಪಾಯಿಯ ಮೇಲೆ, ಸುತ್ತ ತಿನಿಸು. ಅವನ ಹೊಟ್ಟೆಬಾಕತನವನ್ನು ಆಡಿಕೊಳ್ಳುವ ಈ ಚಿತ್ರ ಕ್ರೂರವಾದದ್ದು, ಆ ಹೊತ್ತಿಗೆ ಹ್ಯಾಂಡೆಲ್ ದೃಷ್ಟಿ ಕಳೆದುಕೊಂಡಿದ್ದ ಎಂದು ನೆನೆದರೆ ಇನ್ನೂ ಕ್ರೂರ. ಆದರೆ ಆ ಹಂದಿಯ ಕೈಗಳು ಇರುವುದು ಆರ್ಗನ್ನಿನ ಮನೆಗಳ ಮೇಲೆ.