ಸಾಯದ ಟ್ರಕ್ಕು, ಕಾಣದ ಮೆಕ್ಯಾನಿಕ್

ಬಿಬಿಸಿಯ ‘ಟಾಪ್ ಗೇರ್’ ಕಾರ್ಯಕ್ರಮ 2003ರಲ್ಲಿ ಒಂದು ಹಳೇ ಪಿಕಪ್ ಟ್ರಕ್ಕನ್ನು ಕೊಲ್ಲೋಕೆ ಹೊರಟಿತ್ತು. 1988ರ ಡೀಸೆಲ್ ಟೊಯೋಟಾ ಹೈಲಕ್ಸ್, ಆಗಲೇ 1,90,000 ಮೈಲಿ ಓಡಿದ ಗಾಡಿ. ಮರಕ್ಕೆ ಗುದ್ದಿಸಿದರು, ಸಮುದ್ರದ ಉಬ್ಬರದಲ್ಲಿ ಮುಳುಗಿಸಿದರು, ಕಟ್ಟಡ ಒಡೆಯೋ ಕಬ್ಬಿಣದ ಗುಂಡಿನಿಂದ ಹೊಡೆದರು, ಬೆಂಕಿ ಹಚ್ಚಿದರು. ಕೊನೆಗೆ, ಕೆಡವಲಿದ್ದ ಬಹುಮಹಡಿ ಕಟ್ಟಡದ ನೆತ್ತಿ ಮೇಲಿಟ್ಟು ಕಟ್ಟಡವನ್ನೇ ಉರುಳಿಸಿದರು. ಆದರೂ ಸ್ಟಾರ್ಟ್ ಆಯ್ತು! ಮನರಂಜನೆಯಾಗಿ ಅದಕ್ಕೆ ಪೂರ್ತಿ ಅಂಕ. ನನ್ನ ತಕರಾರು ಇರೋದು ಅದನ್ನ ನೋಡಿದವರು ಕಲಿತ ಪಾಠದ ಬಗ್ಗೆ: ಹೈಲಕ್ಸ್ ತಾನೆ, ಏನೂ ಆಗಲ್ಲ ಬಿಡಿ.

ಆಗುತ್ತೆ ಸ್ವಾಮಿ. ಹಳೇ ಪಿಕಪ್ಪನ್ನು ದಿನಾ ಕೆಲಸಕ್ಕೆ ಓಡಿಸೋರನ್ನ ಕೇಳಿ. ಅವರ ಗಾಡಿ ಮೇಲೆ ಯಾರೂ ಕಬ್ಬಿಣದ ಗುಂಡು ಬಿಡಲ್ಲ. ರೇಡಿಯೇಟರ್ ಹೋಸ್ ಒಳಗಿಂದಲೇ ಮೆತ್ತಗಾಗಿ ಒಂದು ದಿನ ಒಡೆಯುತ್ತೆ. ಟೈಮಿಂಗ್ ಬೆಲ್ಟ್ ಸದ್ದಿಲ್ಲದೆ ಸವೆಯುತ್ತೆ; ಇಂಥ ಟೊಯೋಟಾ ಡೀಸೆಲ್‌ಗಳಲ್ಲಿ ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸಿ ಅಂತ ಡ್ಯಾಶ್‌ಬೋರ್ಡಿನಲ್ಲಿ ದೀಪವೇ ಹತ್ತುತ್ತೆ. ಅದನ್ನ ಕಡೆಗಣಿಸಿ, ಬೆಲ್ಟ್ ತುಂಡಾದರೆ ವಾಲ್ವ್‌ಗೂ ಪಿಸ್ಟನ್‌ಗೂ ಜಗಳ. ಅಷ್ಟು ಸಾಕು, ಬಾಂಬು ಗೀಂಬು ಬೇಡ.

ಮುಳುಗಿದ ಗಾಡಿ ಎದ್ದಿದ್ದರಲ್ಲೂ ಪವಾಡ ಇಲ್ಲ. ಹಳೇ ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಂಪ್ಯೂಟರ್ ಇಲ್ಲ, ಇಂಧನದ ಪಂಪು ಕೂಡ ಮೆಕ್ಯಾನಿಕಲ್. ಆಫ್ ಆಗಿ ನಿಂತ ಎಂಜಿನ್‌ಗೆ ನೀರು ಹೊಕ್ಕಿದ್ದರೆ ಹೊರಗೆ ತೆಗೆಯಬಹುದು. ಓಡ್ತಾ ಇರುವಾಗ ಹೊಕ್ಕರೆ ಕನೆಕ್ಟಿಂಗ್ ರಾಡೇ ಬಾಗುತ್ತೆ. ಆದರೆ ಆ ನೀರು ತೆಗೆದ ಕೈ ಯಾವುದು? ಏಟು ಬೀಳೋದನ್ನ ಕ್ಯಾಮೆರಾ ಚಪ್ಪರಿಸಿಕೊಂಡು ತೋರಿಸುತ್ತೆ, ಮೆಕ್ಯಾನಿಕ್ ಪಕ್ಕದಲ್ಲೆಲ್ಲೋ ಬಂದು ಹೋಗ್ತಾನೆ. ಮೇಲಾಗಿ, ಬಿಡಿಭಾಗ ಬಳಸಬಾರದು ಅನ್ನೋದೇ ಆಟದ ನಿಯಮ. ದಿನಬಳಕೆಯ ಹಳೇ ಗಾಡಿ ನಡೆಯೋದು ಇದಕ್ಕೆ ಪೂರಾ ತಿರುಗಾಮುರುಗಾ: ಒಡೆಯೋ ಮೊದಲೇ ಬಿಡಿಭಾಗ ತಂದಿಟ್ಟುಕೊಂಡವನೇ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗ್ತಾನೆ.

ಇನ್ನು ಉಪ್ಪು. ಸಮುದ್ರದ ನೀರು ಕುಡಿದ ವೈರಿಂಗು, ಬ್ರೇಕ್ ಪೈಪು, ವೀಲ್ ಬೇರಿಂಗು ಆರು ತಿಂಗಳ ಮೇಲೆ ಹೇಗಿರುತ್ತೆ ಅನ್ನೋದು ನಿಜವಾದ ಪರೀಕ್ಷೆ. ಟಿವಿಗೆ ಅಷ್ಟು ಪುರುಸೊತ್ತು ಎಲ್ಲಿ? ಆ ಪರೀಕ್ಷೆಯನ್ನ ಬೇರೆ ಕಡೆ ಚಳಿಗಾಲ ಮಾಡಿತು. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯೋ ಅಮೆರಿಕದ ರಾಜ್ಯಗಳಲ್ಲಿ ಇದೇ ಟೊಯೋಟಾದ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕು ತಿಂದು ತೂತು ಬಿತ್ತು. 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಗಾಡಿಗಳ ಪೈಕಿ ತೀರಾ ಕೆಟ್ಟವನ್ನ ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡುಕೊಂಡಿತು. ಆ ಗಾಡಿಗಳಲ್ಲಿ ಎಷ್ಟೋ ಎಂಜಿನ್‌ಗಳು ಇನ್ನೂ ಗಟ್ಟಿಯಾಗಿದ್ದವು. ಎಂಜಿನ್ ಕೂತ ಏಣಿಯೇ ಮುರಿದರೆ ಅದನ್ನ ಇಟ್ಕೊಂಡು ಏನು ಮಾಡೋದು?

ಹಾಗಾಗಿ ಈ ಕಾರ್ಯಕ್ರಮ ನೋಡಿ ಹಳೇ ಪಿಕಪ್ ಕೊಳ್ಳೋಕೆ ಹೊರಟವರು ಸ್ಟಾರ್ಟ್ ಮಾಡಿ ಖುಷಿಪಡೋ ಮೊದಲು ಗಾಡಿ ಕೆಳಗೆ ಮಲಗಿ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನ ಉದ್ದಕ್ಕೂ ತಟ್ಟಿ. ‘ಟಣ್’ ಅಂದರೆ ಮಾತು ಮುಂದುವರಿಸಿ. ಮಂಕಾಗಿ ‘ಥಪ್’ ಅಂದರೆ, ಪಕ್ಕದಲ್ಲಿ ಪುಡಿ ಉದುರಿದರೆ, ಬೆಲೆ ಎಷ್ಟೇ ಇಳಿಸಿದರೂ ಎದ್ದು ಬನ್ನಿ. ಅಂದಹಾಗೆ, ಆ ಸಾಯದ ಹೈಲಕ್ಸ್ ಆಮೇಲೆ ಇಂಗ್ಲೆಂಡಿನ ಬ್ಯೂಲಿಯಲ್ಲಿರೋ ಮೋಟಾರ್ ಮ್ಯೂಸಿಯಂ ಸೇರಿತು.